ಪಾಳೆಯಗಾರನ ಮುಂದೆ ನಡೆದು ಸಗಮಿಹಾರಾಕ್ಕೆ

ವಾಕೋದಿಂದ ಸಗಮಿಹಾರಾಕ್ಕೆ ಹೋಗಿಬರುವುದನ್ನು ಪ್ರವಾಸ ಎಂದು ಕರೆದರೆ ಇಲ್ಲಿನ ನಮ್ಮ ಕನ್ನಡದವರು ನಗುತ್ತಾರೆ. ಮೂರು ಕಡೆ ರೈಲು ಬದಲಿಸಬೇಕು, ಒಂದೂವರೆ ಗಂಟೆಯ ದಾರಿ, ಹೋಗಲು ಸಾವಿರ ಯೆನ್ ಆಸುಪಾಸು. ಜಪಾನಿಗೆ ಬಂದ ಮೇಲೆ ನಾನು ಕ್ಯೋಟೋ ನೋಡಿದ್ದೇನೆ, ಹೊಕ್ಕೈಡೋದ ಹಿಮದಲ್ಲಿ ಜಾರಿ ಬಿದ್ದಿದ್ದೇನೆ, ಆದರೆ ಅವುಗಳ ಬಗ್ಗೆ ಒಂದು ಸಾಲೂ ಬರೆದವಳಲ್ಲ. ಕಳೆದ ನವೆಂಬರಿನ ಒಂದು ಭಾನುವಾರ ಮಾತ್ರ ನಾನು ಒಬ್ಬ ಪಾಳೆಯಗಾರನನ್ನು ಕರೆದುಕೊಂಡು, ಅವನ ಮುಂದೆ ನಡೆದು ಸಗಮಿಹಾರಾಕ್ಕೆ ಹೋಗಿಬಂದೆ. ಅದನ್ನೂ ಬರೆಯದಿದ್ದರೆ ಚಿತ್ರದುರ್ಗದಲ್ಲಿ ಹುಟ್ಟಿ ಏನು ಪ್ರಯೋಜನ?

ಪಾಳೆಯಗಾರ ಎನ್ನುವುದು ನನ್ನ ಮಾತು. ಅವರ ಭಾಷೆಯಲ್ಲಿ ಬೈರಾಕ್ತಾರ್, ಅಂದರೆ ಬಾವುಟ ಹಿಡಿದವನು. ಅಲ್ಬೇನಿಯಾದ ಉತ್ತರದ ಬೆಟ್ಟಗಳಲ್ಲಿ ಕಣಿವೆಗೊಂದು ಕುಲ, ಕುಲಕ್ಕೊಂದು ಬಾವುಟ, ಬಾವುಟಕ್ಕೊಬ್ಬ ಒಡೆಯ. ಜಗಳ ತೀರಿಸುವವನೂ ಅವನೇ, ಯುದ್ಧಕ್ಕೆ ಜನ ಕಟ್ಟುವವನೂ ಅವನೇ. ನಮ್ಮ ಎದುರುಮನೆಯ ಮೀರಾ ಇದನ್ನು ಮೊದಲ ಸಲ ಹೇಳಿದಾಗ ನಾನು "ಓ, ನಮ್ಮ ದುರ್ಗದ ಪಾಳೆಯಗಾರರ ಹಾಗೆ" ಎಂದು ಶುರು ಮಾಡಿ, ಅವಳ ಅನ್ನ ತಳ ಹಿಡಿಯುವವರೆಗೂ ಕೋಟೆಯ ಕಥೆ ಕೊರೆದಿದ್ದೆ. ಈ ಮೀರಾ ಅಲ್ಬೇನಿಯಾದವಳೇ. ಅಲ್ಲೂ ಆ ಹೆಸರಿದೆಯಂತೆ. ವಾಕೋದ ದೊಡ್ಡ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ನಾನು ಡಬ್ಬಿಯಲ್ಲಿ ಸಾರು ಕೊಟ್ಟರೆ ಅದೇ ಡಬ್ಬಿಯಲ್ಲಿ ಮೊಸರು ಹಾಕಿ ವಾಪಸು ಕೊಡುತ್ತಾಳೆ.

ಅಕ್ಟೋಬರಿನಲ್ಲಿ ಅವಳ ತಂದೆ ಮರಾಷ್ ಊರಿನಿಂದ ಬಂದಿಳಿದರು. ಎಂಬತ್ತು ದಾಟಿದ ಮನುಷ್ಯ. ತಲೆಗೆ ಬಿಳಿ ಉಣ್ಣೆಯ ಮೊಟ್ಟೆಯಾಕಾರದ ಟೋಪಿ, ಮನೆಯೊಳಗೂ ಕೋಟು, ಲಿಫ್ಟಿನಲ್ಲೂ ಬಗ್ಗದ ಬೆನ್ನು. ನಾನು ಮೊದಲ ದಿನವೇ "ಅಜ್ಜ" ಎಂದು ಕರೆದೆ. ಅದರ ಅರ್ಥ ಕೇಳಿ ತಿಳಿದುಕೊಂಡು, ಇರಲಿ ಎನ್ನುವಂತೆ ತಲೆಯಾಡಿಸಿದರು. ಅಪ್ಪ ಮಗಳು ಅಲ್ಬೇನಿಯನ್ ಮಾತಾಡುತ್ತಾರೆ, ಮೀರಾ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾಳೆ; ಇಲ್ಲಿ ಬರುವ ಅವರ ಮಾತೆಲ್ಲ ನಾನು ಕನ್ನಡಕ್ಕೆ ತಂದದ್ದು.

ಒಂದು ಸಂಜೆ ಮೀರಾ ಬಾಗಿಲು ತಟ್ಟಿ, ಒಳಗೆ ಬಾರದೆ ನಿಂತಲ್ಲೇ ಕೇಳಿದಳು: "ಸುಧಾ-ಸಾನ್, ಅಪ್ಪ ಸಗಮಿಹಾರಾದಲ್ಲಿ ಒಂದು ಮನೆಗೆ ಹೋಗಬೇಕು. ನೀವು ನಮ್ಮ ಮುಂದೆ ನಡೆದು ಕರೆದುಕೊಂಡು ಹೋಗುತ್ತೀರಾ?"

ದಾರಿ ತೋರಿಸಲು ಫೋನಿನ ಮ್ಯಾಪ್ ಸಾಕಲ್ಲ ಎಂದೆ. ಆಗ ವಿಷಯ ಬಿಚ್ಚಿದಳು. ಮಹಾಯುದ್ಧ ಮುಗಿದ ಕಾಲದಲ್ಲಿ ಹೊಸ ಸರ್ಕಾರದ ಸೈನಿಕರು ಮರಾಷ್ ಅಜ್ಜನ ತಂದೆಯನ್ನು, ಆಗಿನ ಒಡೆಯನನ್ನು, ಪಕ್ಕದ ಕಣಿವೆಯಲ್ಲಿ ಗುಂಡಿಟ್ಟು ಕೊಂದರು. ಅವರನ್ನು ಸೈನಿಕರಿಗೆ ಒಪ್ಪಿಸಿದವನು ಆ ಕಣಿವೆಯ ಒಬ್ಬ ಕುರಿಗಾರ ಎಂದು ಊರೆಲ್ಲ ನಂಬಿತ್ತು. ಹೆಣ ಎಲ್ಲಿ ಹೂತರೋ ಇವತ್ತಿಗೂ ಗೊತ್ತಿಲ್ಲ. ಅಲ್ಲಿನ ಬೆಟ್ಟದ ಕಟ್ಟಳೆಗೆ ಕಾನೂನ್ ಎಂದೇ ಹೆಸರು. ನಮ್ಮ ಕಾನೂನಿಗೆ ನೆಂಟನೇ ಇರಬೇಕು. ಅದರ ಪ್ರಕಾರ ರಕ್ತಕ್ಕೆ ರಕ್ತ. ಕುರಿಗಾರನ ಮನೆಯ ಗಂಡಸರ ಮೇಲೆ ಮರಾಷ್ ಅಜ್ಜನ ಮನೆಯವರಿಗೆ ಹಕ್ಕು.

ಆ ಕುರಿಗಾರನ ಮೊಮ್ಮಗ ಅರ್ಬೆನ್ ಈಗ ಸಗಮಿಹಾರಾದ ಬಾಹ್ಯಾಕಾಶ ಕ್ಯಾಂಪಸ್ಸಿನಲ್ಲಿ ರಾಕೆಟ್ ಎಂಜಿನಿಯರ್. ಜಪಾನಿನಲ್ಲಿ ಅಲ್ಬೇನಿಯಾದವರು ಬೆರಳೆಣಿಕೆಯಷ್ಟು. ಮಿನಾಟೋದಲ್ಲಿ ಅವರದೊಂದು ಕೂಟದಲ್ಲಿ ಮೀರಾ ತನ್ನ ಮನೆತನದ ಹೆಸರು ಹೇಳಿದಾಗ ಅರ್ಬೆನ್ ಕೈಲಿದ್ದ ಗ್ಲಾಸು ಮೇಜಿನ ಮೇಲಿಟ್ಟು ಹೊರಟುಹೋಗಿದ್ದ. ಈಗ ಅವನ ತಾಯಿಯೂ ಅವನ ಜೊತೆಗಿದ್ದಾರೆ. ತನ್ನ ತಂದೆಯ ಎಲುಬು ಎಲ್ಲಿದೆ ಎಂದು ಆ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ, ಸಾಯುವುದರೊಳಗೆ ಕೇಳಿ ತಿಳಿಯಬೇಕೆಂಬುದು ಮರಾಷ್ ಅಜ್ಜನ ಆಸೆ. ತಿಂಗಳುಗಟ್ಟಲೆ ಕಾದ ಮೇಲೆ ಅರ್ಬೆನ್‌ನಿಂದ ಉತ್ತರ ಬಂದಿತ್ತು: ಬನ್ನಿ, ಆದರೆ ಕಟ್ಟಳೆಯಂತೆ ಬನ್ನಿ.

"ಕಟ್ಟಳೆಯಂತೆ ಅಂದರೆ ಎರಡೂ ಕುಲಕ್ಕೆ ಸೇರದವರೊಬ್ಬರು ಮುಂದೆ ನಡೆಯಬೇಕು" ಎಂದಳು ಮೀರಾ. "ಹೆಂಗಸಾದರೆ ಇನ್ನೂ ಒಳ್ಳೆಯದು. ಹೆಂಗಸಿನ ಜೊತೆ ನಡೆಯುವವನ ಮೇಲೆ ನಮ್ಮಲ್ಲಿ ಯಾರೂ ಬಂದೂಕು ಎತ್ತುವುದಿಲ್ಲ, ಅವನೂ ಎತ್ತುವ ಹಾಗಿಲ್ಲ. ಇಲ್ಲಿರುವ ನಮ್ಮವರನ್ನು ಕರೆದರೆ ನಾಳೆಯೇ ಊರಿಗೆ ಸುದ್ದಿ. ಅಪ್ಪನೇ ನಿಮ್ಮ ಹೆಸರು ಹೇಳಿದರು. ಕೋಟೆ ಊರಿನವಳು, ಅವಳಿಗೆ ಅರ್ಥವಾಗುತ್ತದೆ ಎಂದರು."

ಇಷ್ಟು ಹೊಗಳಿದ ಮೇಲೆ ನಾನು ಒಲ್ಲೆ ಎನ್ನುವುದುಂಟೇ? ನನ್ನ ಗಂಡ ಮಹೇಶ ಮಾತ್ರ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದರು.

"ಸುಧಾ, ಯಾರ್ದೋ ಫ್ಯಾಮಿಲಿ ಮ್ಯಾಟರ್‌ಗೆ ನೀನ್ಯಾಕೆ ತಲೆ ಹಾಕ್ತೀಯ? ಗನ್ ಗಿನ್ ಇದ್ರೆ ಏನ್ ಗತಿ?"

"ಜಪಾನಲ್ಲಿ ಗನ್ ಎಲ್ಲಿಂದ ಬರುತ್ತೆ ರೀ, ಮೂಲೆ ಅಂಗಡಿ ಕೊಂಬಿನೀಲಿ ಸಿಗುತ್ತಾ?"

"ಜೋಕ್ ಮಾಡ್ಬೇಡ. ಐ ಆ್ಯಮ್ ಸೀರಿಯಸ್."

"ನಾನೂ ಸೀರಿಯಸ್ಸೇ. ಎಂಬತ್ ವರ್ಷದ ಅಜ್ಜ ನಂಬಿ ಕೇಳಿದಾರೆ. ಆಗಲ್ಲ ಅಂತ ಹೆಂಗ್ರೀ ಹೇಳ್ಲಿ?"

ಮಗಳು ಅನಘಾ ಪುಸ್ತಕದಿಂದ ತಲೆಯೆತ್ತಿ, "ಅಮ್ಮಾ, ಸುಗೋಯ್! ಯು ಆರ್ ಲೈಕ್ ಎ ಬಾಡಿಗಾರ್ಡ್!" ಎಂದಳು. ಭೇಷ್ ಎನ್ನಲು ಇಲ್ಲಿನ ಮಕ್ಕಳು ಸುಗೋಯ್ ಎನ್ನುತ್ತವೆ. ಅಲ್ಲಿಗೆ ಮಹೇಶ ಸೋತರು.

ಭಾನುವಾರ ಬೆಳಗ್ಗೆ ಹೊರಟೆವು. ಚಳಿಯಿದ್ದರೂ ಆಕಾಶ ತಿಳಿಯಾಗಿತ್ತು, ಸ್ಟೇಷನ್ ರಸ್ತೆಯ ಗಿಂಕೋ ಮರಗಳೆಲ್ಲ ಹಳದಿಯಾಗಿದ್ದವು. ಬರಿಗೈಲಿ ಯಾರ ಮನೆಗೂ ಹೋಗಬಾರದೆಂದು ನಾನು ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ಹಾಕಿಕೊಂಡಿದ್ದೆ. ನನ್ನ ಕೆಲಸವೇನೆಂದು ಮೀರಾ ಇನ್ನೊಮ್ಮೆ ಹೇಳಿದಳು: ಮುಂದೆ ನಡೆಯುವುದು, ಬಾಗಿಲಲ್ಲಿ ಮೊದಲು ಒಳಗೆ ಹೋಗುವುದು, ಇಬ್ಬರ ನಡುವೆ ಕೂರುವುದು. ಮಾತಾಡುವ ಅಗತ್ಯವಿಲ್ಲ. ಮಾತಾಡದೆ ಕೂರುವುದೇ ನನಗೆ ಕಷ್ಟದ ಕೆಲಸ ಎಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಅದನ್ನು ಎರಡು ಸಲ ಹೇಳಿದಳು.

ವಾಕೋದಿಂದ ಎರಡೇ ಸ್ಟೇಷನ್ ಹೋಗಿ ಇಳಿದು, ರಸ್ತೆ ದಾಟಿ ಮುಸಾಶಿನೋ ಲೈನ್ ಹತ್ತಿದೆವು. ಭಾನುವಾರವಾದರೂ ಕೂರಲು ಜಾಗವಿರಲಿಲ್ಲ. ಒಬ್ಬ ಹುಡುಗಿ ಎದ್ದು ಅಜ್ಜನಿಗೆ ಸೀಟು ತೋರಿಸಿದಳು. ಅಜ್ಜ ಎದೆಯ ಮೇಲೆ ಕೈಯಿಟ್ಟು ವಂದಿಸಿದರು, ಕೂರಲಿಲ್ಲ. ಆ ಹುಡುಗಿಯೂ ಮತ್ತೆ ಕೂರಲಿಲ್ಲ. ನಾಲ್ಕು ಸ್ಟೇಷನ್‌ವರೆಗೂ ಖಾಲಿ ಸೀಟಿನ ಎದುರು ಇಬ್ಬರೂ ನಿಂತೇ ಬಂದರು. ಹಟದಲ್ಲಿ ಯಾರಿಗೆ ಯಾರೂ ಕಡಿಮೆಯಿರಲಿಲ್ಲ. ಕೊನೆಗೆ ನಾನೇ ಕೂತೆ.

ನಿಂತುಕೊಂಡೇ ಅಜ್ಜ ತಂದೆಯ ವಿಷಯ ಹೇಳಿದರು. ರಾಜನಿದ್ದಾಗ ಬೆಟ್ಟದ ಒಡೆಯರು ತಿರುಗಿಬೀಳದಿರಲಿ ಎಂದು ರಾಜ ಸಂಬಳ ಕೊಡುತ್ತಿದ್ದನಂತೆ. "ನಮ್ಮಪ್ಪನೂ ತೆಗೆದುಕೊಂಡಿದ್ದಾನೆ, ಮುಚ್ಚಿಡುವುದೇಕೆ?" ಎಂದರು. ಆಮೇಲೆ ಇಟಲಿಯವರು ಬಂದರು, ರಾಜ ದೇಶ ಬಿಟ್ಟ. ಇಟಲಿಯವರು ಹೋಗಿ ಜರ್ಮನರು ಬಂದರು. ಅವರ ಹಿಂದೆಯೇ ಕೆಂಪು ನಕ್ಷತ್ರದ ಟೋಪಿಯವರು. ಬಂದವರೆಲ್ಲ ಅದೇ ಒಲೆಯ ಮುಂದೆ ಕೂತು, ನಿನ್ನ ಬಾವುಟ ನಮ್ಮ ಕಡೆಗಿರಲಿ ಎಂದು ಕೇಳಿದವರೇ. ಬಾವುಟ ನನ್ನದಲ್ಲ, ಕಣಿವೆಯದು, ಕಣಿವೆಯ ಮನೆಮನೆಗೂ ಹೋಗಿ ಕೇಳಿ ಎನ್ನುತ್ತಿದ್ದನಂತೆ ಆ ಮನುಷ್ಯ. ಮೊದಲು ಬಂದವರು ಅದನ್ನು ಸಹಿಸಿಕೊಂಡರು. ಕೊನೆಗೆ ಬಂದವರು ಸಹಿಸಲಿಲ್ಲ. ಅವನು ಹಿಮ ಬಿದ್ದ ಬೆಟ್ಟ ಹತ್ತಿದ. ಮರಾಷ್ ಅಜ್ಜ ಆಗ ತಾಯಿಯ ಸೆರಗು ಹಿಡಿದು ನಡೆಯುವ ಕೂಸು. ತಂದೆಯ ಮುಖ ನೆನಪಿಲ್ಲ, ಮೀಸೆಗೆ ಅಂಟಿದ್ದ ಹೊಗೆಸೊಪ್ಪಿನ ವಾಸನೆ ಮಾತ್ರ ನೆನಪಿದೆ ಎಂದರು.

ಮುಸಾಶಿನೋ ಲೈನಿನ ಅರ್ಧ ದಾರಿ ಸುರಂಗದಲ್ಲೇ ಹೋಗುತ್ತದೆ. ಆ ಗದ್ದಲದಲ್ಲಿ ಮೀರಾ ಬಾಯಿಯನ್ನು ನನ್ನ ಕಿವಿಗೆ ತಂದು ಮುಂದಿನದನ್ನು ಹೇಳಿದಳು. ಒಡೆಯನ ಸಂಸಾರವನ್ನು ಬಯಲು ಸೀಮೆಯ ಜೌಗು ಹೊಲಗಳ ಶಿಬಿರಕ್ಕೆ ತಳ್ಳಿದರು. ಮರಾಷ್ ಅಲ್ಲೇ ಬೆಳೆದರು, ಕಾಲುವೆ ತೋಡಿದರು, ಮದುವೆಯಾದರು. ಮೀರಾ ಹುಟ್ಟಿದ್ದೂ ಅಲ್ಲಿಯೇ. ದಿನಾ ಸಂಜೆ ಹಾಜರಿ ಕೂಗುವಾಗ ಅವರ ಹೆಸರಿನ ಮುಂದೆ 'ಜನರ ಶತ್ರುವಿನ ಮಗ' ಎಂದು ಸೇರಿಸುತ್ತಿದ್ದರಂತೆ. "ಅಪ್ಪ ಪ್ರತಿ ಸಲ 'ಹೌದು, ಅವನ ಮಗನೇ' ಎಂದು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದರು. ಪಕ್ಕದ ಸಾಲಿನವರಿಗೂ ಕೇಳುತ್ತಿತ್ತು" ಎಂದಳು. ಹಾಗೆ ಹೇಳುವಾಗ ಅವಳ ಗದ್ದ ಥೇಟ್ ಅಪ್ಪನ ಗದ್ದದಂತೆಯೇ ಮೇಲೆದ್ದಿತ್ತು. ನನಗೂ, ಸಂಬಂಧವೇ ಇಲ್ಲದ ನನಗೂ, ಎದೆಯುಬ್ಬಿ ಬಂತು.

ನಿಶಿ-ಕೊಕುಬುಂಜಿಯಲ್ಲಿ ಇಳಿದು ಚೂಒ ಲೈನಿಗೆ ಕಾಯುವಾಗ ನನಗೆ ಹಸಿವಾಯಿತು. ಕೊಂಬಿನಿಯಿಂದ ಉಮೆ ಹಣ್ಣಿನ ಉಪ್ಪಿನಕಾಯಿ ಒಳಗಿಟ್ಟ ಅನ್ನದ ಉಂಡೆ ತಂದೆ. ಸಸ್ಯಾಹಾರಿಗಳಿಗೆ ಇಲ್ಲಿ ಅದೊಂದೇ ನಂಬಿಕಸ್ಥ ತಿಂಡಿ. ಅಜ್ಜನಿಗೊಂದು ಚಾಚಿದರೆ ಬೇಡವೆಂದರು. ಯಂತ್ರದಿಂದ ಬಿಸಿ ಕಾಫಿ ಡಬ್ಬಿ ಕೊಡಿಸುತ್ತೇನೆಂದರೂ ಬೇಡ. ವಯಸ್ಸಾದವರು, ಪ್ರಯಾಣದಲ್ಲಿ ಬಾತ್‌ರೂಮಿನ ತಾಪತ್ರಯ ಬೇಡವೆಂದು ಇರಬೇಕು ಎಂದುಕೊಂಡು ನಾನೂ ಕಾಫಿ ಬಿಟ್ಟೆ. ಬೆಳಗಿನ ಎರಡನೇ ಕಾಫಿ ಬಿದ್ದಿಲ್ಲದ ತಲೆ ಅಷ್ಟರಲ್ಲೇ ಹಿಡಿಯತೊಡಗಿತ್ತು.

ತಾಮಾ ನದಿಯ ಸೇತುವೆಯ ಮೇಲೆ ಫುಜಿ ಪರ್ವತ ಬಿಳಿ ತಲೆಯೊಂದಿಗೆ ಚೆನ್ನಾಗಿ ಕಂಡಿತು. ಅಜ್ಜ ಬಗ್ಗಿ ನೋಡಿದರು.

"ಒಂದೇ ಬೆಟ್ಟ" ಎಂದರು. "ಒಳ್ಳೆಯ ಬೆಟ್ಟ. ಆದರೆ ಜೊತೆಗಾರರಿಲ್ಲ. ನಮ್ಮಲ್ಲಿ ಬೆಟ್ಟಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ."

ಸೇತುವೆ ನೋಡಿದ ಮೀರಾಗೆ ಇನ್ನೊಂದು ನೆನಪಾಯಿತು. ಆ ಸರ್ಕಾರ ಬಿದ್ದಮೇಲೆ ಅಪ್ಪ ಶಿಬಿರದಿಂದ ಕಣಿವೆಗೆ ಮರಳಿದರು. ಮನೆಯ ಗೋಡೆ ಮಾತ್ರ ಉಳಿದಿತ್ತು. ಹಿರಿಯರೆಲ್ಲ ಸೇರಿ, ನೀನೇ ಒಡೆಯನ ಮಗ, ಬಾವುಟ ನೀನೇ ಹಿಡಿ ಎಂದರು. ಕೆಲವು ವರ್ಷಗಳಲ್ಲಿ ದೇಶದಲ್ಲಿ ಜನರ ದುಡ್ಡನ್ನೆಲ್ಲ ಮೋಸದ ಯೋಜನೆಗಳು ನುಂಗಿದವು. ರೊಚ್ಚಿಗೆದ್ದ ಜನ ಸೈನ್ಯದ ಉಗ್ರಾಣಗಳನ್ನು ಲೂಟಿ ಮಾಡಿ ಬಂದೂಕುಗಳನ್ನು ಲಾರಿಗಟ್ಟಲೆ ಹೊತ್ತೊಯ್ದರು. ಮರಾಷ್ ಅಜ್ಜ ಕಣಿವೆಗೆ ಬರುವ ಒಂದೇ ಸೇತುವೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತರಂತೆ. ಬಂದೂಕಿನ ಲಾರಿ ಒಳಗೆ ಹೋಗಬೇಕಾದರೆ ನನ್ನ ಮೇಲೆ ಹತ್ತಿಸಿಕೊಂಡು ಹೋಗಲಿ ಎಂದರಂತೆ. ಒಂದು ಲಾರಿಯೂ ದಾಟಲಿಲ್ಲ. "ಆ ವರ್ಷ ನಮ್ಮ ಕಣಿವೆಯಲ್ಲಿ ಒಂದೂ ಕೊಲೆ ಆಗಲಿಲ್ಲ" ಎಂದಳು. ಅಪ್ಪನಿಗೆ ಅದೇನೂ ಹೇಳಿಕೊಳ್ಳುವ ಮಾತಾಗಿ ಕಾಣಲಿಲ್ಲ. ಆ ಕುರ್ಚಿಯ ಕಾಲು ಸರಿಯಿರಲಿಲ್ಲ, ಸೊಂಟ ಹಿಡಿದುಕೊಂಡಿತು ಎಂದು ಮಾತ್ರ ಸೇರಿಸಿದರು.

ಬೇರೆಯವರ ರಕ್ತದ ಜಗಳಗಳನ್ನೆಲ್ಲ ತೀರಿಸಿದ ಮನುಷ್ಯ ತನ್ನ ಮನೆಯದನ್ನು ತೀರಿಸದೆ ಉಳಿಸಿಕೊಂಡರು. ಅವರು ಕುರಿಗಾರನ ಮನೆಯ ಮೇಲೆ ಕೈ ಮಾಡಲಿಲ್ಲ. ಮಾಡಲಿಲ್ಲವೆಂದು ಮದುವೆಮನೆಗಳಲ್ಲಿ ಕೆಲವರು ಅವರ ಕಾಫಿ ಕಪ್ಪನ್ನು ಮೊಣಕಾಲಿನ ಕೆಳಗಿನಿಂದ ದಾಟಿಸಿ ಕೊಟ್ಟರಂತೆ. ತಂದೆಯ ಸೇಡು ತೀರಿಸದವನಿಗೆ ಅಲ್ಲಿ ಹಾಗೆ ಕಾಫಿ ಕೊಡುವುದು ರೂಢಿ. ಅವರು ಅದನ್ನು ತೆಗೆದುಕೊಂಡು ಕುಡಿದು, ಚೆನ್ನಾಗಿದೆ ಎನ್ನುತ್ತಿದ್ದರಂತೆ. ಆದರೆ ಕ್ಷಮಿಸಿದೆ ಎಂಬ ಮಾತನ್ನೂ ಹೇಳಲಿಲ್ಲ. ತಂದೆ ಎಲ್ಲಿದ್ದಾನೆಂದು ತಿಳಿಯದೆ ಆ ಮಾತು ಬಾಯಿಗೆ ಬರಲಿಲ್ಲ. ಅದು ಬಾರದಿದ್ದುದರಿಂದ ಅರ್ಬೆನ್‌ನ ಅಪ್ಪ ಗುಂಡಿಗೆ ಹೆದರಿ ಮನೆಯ ಹೊಸಿಲು ದಾಟದೆ, ಕಿಟಕಿಯ ಹತ್ತಿರವೂ ಸುಳಿಯದೆ ವರ್ಷಗಳನ್ನು ಕಳೆದು ಒಳಗೇ ತೀರಿಕೊಂಡ.

ಹಾಚಿಯೋಜಿಯಲ್ಲಿ ಕೊನೆಯ ರೈಲು ಬದಲಿಸಿ ಸಗಮಿಹಾರಾದ ಫುಚಿನೋಬೆಯಲ್ಲಿ ಇಳಿದೆವು. ಹೇಳಿದ್ದ ಸಮಯಕ್ಕೆ ಇನ್ನೂ ತುಂಬ ಹೊತ್ತಿತ್ತು, ಬಾಹ್ಯಾಕಾಶ ಕ್ಯಾಂಪಸ್ಸಿನ ತನಕ ನಡೆದೆವು. ಹುಲ್ಲಿನ ಮೇಲೆ ದೊಡ್ಡದೊಂದು ರಾಕೆಟ್ಟನ್ನು ಅಡ್ಡ ಮಲಗಿಸಿದ್ದಾರೆ. ಅಜ್ಜ ಅದರ ಉದ್ದಕ್ಕೂ ನಡೆದು, ಮತ್ತೆ ಹಿಂದಕ್ಕೆ ನಡೆದು ನೋಡಿದರು. ಅಲ್ಲಿದ್ದ ವಯಸ್ಸಾದ ಜಪಾನಿ ಮಾರ್ಗದರ್ಶಿಯೊಬ್ಬರು ಟೋಪಿಯನ್ನು ನೋಡಿ, ಎಲ್ಲಿಂದ ಬಂದಿರಿ ಎಂದು ಕೇಳಿದರು. ಮೀರಾ ಅನುವಾದಿಸಿದಳು. ಅಜ್ಜ ದೇಶದ ಹೆಸರು ಹೇಳದೆ ಕುಲದ ಹೆಸರು ಹೇಳಿದರು. ಆ ಹಿರಿಯರು ಅದು ತಮಗೆ ಚೆನ್ನಾಗಿ ಗೊತ್ತಿರುವ ದೇಶವೆನ್ನುವಂತೆ "ಹೌದೇ, ಅಷ್ಟು ದೂರದಿಂದ!" ಎಂದು ಸೊಂಟದವರೆಗೆ ಬಗ್ಗಿದರು. ಅಜ್ಜನೂ ಬಗ್ಗಿದರು, ಆದರೆ ತಮ್ಮ ಲೆಕ್ಕದಲ್ಲಿ ಎಷ್ಟು ಬಗ್ಗಬಹುದೋ ಅಷ್ಟು.

ಅರ್ಬೆನ್‌ನ ಮನೆ ಅಲ್ಲಿಂದ ಸ್ವಲ್ಪ ದೂರದ ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಈಗ ನಾನು ಮುಂದೆ, ಅಜ್ಜ ಹಿಂದೆ, ಮೀರಾ ಅವರ ಹಿಂದೆ. ದುರ್ಗದ ಕೋಟೆಯ ಬಾಗಿಲುಗಳನ್ನು ಎಷ್ಟೋ ಸಲ ದಾಟಿದ್ದೇನೆ, ಈ ಮೆಟ್ಟಿಲುಗಳನ್ನು ಹತ್ತುವಾಗ ಮಾತ್ರ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಬಾಗಿಲು ತೆರೆದ ಅರ್ಬೆನ್ ಮೂವತ್ತು ದಾಟಿದ, ಗಡ್ಡ ಟ್ರಿಮ್ ಮಾಡಿದ ಹುಡುಗ. ಎರಡೂ ಅಂಗೈಗಳನ್ನು ನಮ್ಮ ಕಡೆಗೆ ಬಿಚ್ಚಿ ತೋರಿಸುತ್ತ ನಿಂತಿದ್ದ.

ಶೂ ಬಿಚ್ಚಿ ಒಳಗೆ ಹೋದೆವು. ಹೊರಗೆ ಅಷ್ಟು ಒಳ್ಳೆಯ ಬಿಸಿಲಿದ್ದರೂ ಪರದೆಗಳನ್ನು ಪೂರ್ತಿ ಎಳೆದು ದೀಪ ಹಾಕಿದ್ದರು. ಅರ್ಬೆನ್‌ನ ತಾಯಿ ಲೂಲೆ ಅಡಿಗೆಮನೆಯ ಬಾಗಿಲಲ್ಲಿ ಕಪ್ಪು ಸ್ಕಾರ್ಫ್ ಕಟ್ಟಿಕೊಂಡು ನಿಂತಿದ್ದರು. ನಾನು ಹೋಳಿಗೆ ಡಬ್ಬಿ ಕೊಟ್ಟೆ, ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಹಿಡಿದುಕೊಂಡರು. ನಾನು ಇಬ್ಬರು ಗಂಡಸರ ನಡುವೆ ಕೂತೆ. ಲೂಲೆ ಸಣ್ಣ ಕಪ್ಪುಗಳಲ್ಲಿ ಕಾಫಿ ತಂದಿಟ್ಟರು. ಗಸಿಯ ಸಮೇತ ಕುದಿಸಿದ ಕಪ್ಪು ಕಾಫಿ, ಮೇಲೆ ದಟ್ಟ ನೊರೆ. ಕಪ್ಪುಗಳನ್ನಿಟ್ಟವರೇ ಮಗನ ಮುಖ ನೋಡಿ ಬೇಗನೆ ಬಾಗಿಲಿಗೆ ಸರಿದರು.

ಯಾರೂ ಕಪ್ಪು ಮುಟ್ಟಲಿಲ್ಲ. ಹಬೆ ಏಳುತ್ತಿತ್ತು, ನೊರೆ ಒಡೆಯುತ್ತಿತ್ತು. ಲೂಲೆ ಬಾಗಿಲಿಗೊರಗಿ ನಮ್ಮ ಕಪ್ಪುಗಳನ್ನೇ ನೋಡುತ್ತಿದ್ದರು. ನಮ್ಮ ಕಡೆ ಮನೆಯಾಕೆ ತಂದಿಟ್ಟ ಕಾಫಿಯನ್ನು ಆರಲು ಬಿಟ್ಟು ಕೂತರೆ ಆಕೆಯ ಮುಖಕ್ಕೆ ಹೊಡೆದ ಹಾಗೆ. ಪಾಪ, ಅಷ್ಟು ಹೆದರಿದ ಹೆಂಗಸು ಮಾಡಿ ತಂದಿದ್ದಾಳೆ, ಈ ಗಂಡಸರಿಗೆ ಅಷ್ಟೂ ತಿಳಿಯುವುದಿಲ್ಲವೇ ಅನ್ನಿಸಿತು. ತಲೆ ಬೇರೆ ಸಿಡಿಯುತ್ತಿತ್ತು. ಮಾತಾಡಬೇಡ ಎಂದಿದ್ದರು, ಕುಡಿಯಬೇಡ ಎಂದಿರಲಿಲ್ಲವಲ್ಲ. ಕಪ್ಪು ಎತ್ತಿ ಕುಡಿದೆ. ನಿಜಕ್ಕೂ ಸೊಗಸಾಗಿತ್ತು. ಪೂರ್ತಿ ಕುಡಿದು, ತಡೆಯಲಾರದೆ, "ತುಂಬಾ ಚೆನ್ನಾಗಿದೆ" ಎಂದು ಹೇಳಿಯೂಬಿಟ್ಟೆ.

ಅರ್ಬೆನ್ ಬಿಳಿಚಿಕೊಂಡ. ಲೂಲೆ ಬಾಯಿಗೆ ಕೈ ಹಿಡಿದರು. ಮೀರಾ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದಳು:

"ಏನು ಮಾಡಿದಿರಿ ಸುಧಾ-ಸಾನ್! ಬೇಡಿಕೆ ಇಟ್ಟುಕೊಂಡು ಬಂದವರು ಅದು ನಡೆಯುವವರೆಗೂ ಕಾಫಿ ಮುಟ್ಟುವುದಿಲ್ಲ. ಮುಂದೆ ನಡೆದವರು ಕುಡಿದರೆ ಮುಗಿಯಿತು, ನಮಗೆ ಕೇಳುವುದೇನೂ ಇಲ್ಲ ಎಂದರ್ಥ. ಇದೂ ನಿಮಗೆ ಗೊತ್ತಿರುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ."

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಒಬ್ಬ ಮಗ ಜೀವಮಾನವೆಲ್ಲ ಇಟ್ಟುಕೊಂಡ ಪ್ರಶ್ನೆಯನ್ನು ನಾನು ಒಂದು ಕಪ್ಪು ಕಾಫಿಗೆ ಮಾರಿಬಿಟ್ಟಿದ್ದೆ. ಕಣ್ಣಲ್ಲಿ ನೀರು ಬಂತು. "ಅವರಿಗೆ ಹೇಳು ಮೀರಾ, ನಾನು ಹೊರಗಿನವಳು, ಗೊತ್ತಿಲ್ಲದೆ ಕುಡಿದೆ, ಅದು ಲೆಕ್ಕಕ್ಕಿಲ್ಲ ಅಂತ ಹೇಳು" ಎಂದು ಅಂಗಲಾಚಿದೆ. ಅವಳು ಹೇಳಿದಳು. ಅಜ್ಜ ಕೇಳಿಸಿಕೊಂಡರು. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ತಮ್ಮ ಕಪ್ಪನ್ನೇ ನೋಡಿದರು. ಆಮೇಲೆ ಅದನ್ನೆತ್ತಿ ಒಂದೇ ಗುಟುಕಿಗೆ ಕುಡಿದು, ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟರು.

"ಇವಳನ್ನು ಮುಂದೆ ನಡೆ ಎಂದವನು ನಾನು" ಎಂದರು. "ಮುಂದೆ ನಡೆದವಳು ಕುಡಿದಳು, ನಾನೂ ಕುಡಿದೆ. ಕೇಳಬೇಕೆಂದು ಬಂದದ್ದನ್ನು ಕೇಳುವುದಿಲ್ಲ. ಈ ಮನೆಗೂ ನನ್ನ ಮನೆಗೂ ನಡುವೆ ರಕ್ತವಿಲ್ಲ. ನನ್ನ ದಾಯಾದಿಗಳಿಗೆ, ಅವರ ಮಕ್ಕಳಿಗೆ ಇವತ್ತೇ ಹೇಳುತ್ತೇನೆ. ಇದು ನನ್ನ ಮಾತು."

ಅಷ್ಟು ಹೇಳಿ ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಅವರ ಮುಖದಲ್ಲಿ ಸೋಲು ಹುಡುಕಿದೆ, ಕಾಣಲಿಲ್ಲ. ಅರ್ಬೆನ್ ಎದ್ದವನು ಏನು ಮಾಡಬೇಕೆಂದು ತೋಚದೆ ಮತ್ತೆ ಕೂತ. ಲೂಲೆ ಮಾತ್ರ ಸರಸರನೆ ಕಿಟಕಿಯ ಹತ್ತಿರ ಹೋದರು. ಪರದೆಯನ್ನು ಎರಡೂ ಕಡೆಗೆ ಎಳೆದರು. ಇಡೀ ಕೋಣೆಗೆ ಬಿಸಿಲು ಬಿತ್ತು, ನಾವೆಲ್ಲ ಕಣ್ಣು ಕಿರಿದು ಮಾಡಿಕೊಂಡೆವು. ಕಿಟಕಿಗೆ ಬೆನ್ನು ಕೊಟ್ಟು ನಿಂತು ಅವರು ಮಾತಾಡತೊಡಗಿದರು. ಮೀರಾ ಅನುವಾದಿಸುತ್ತ ಹೋದಳು.

"ಕುಳಿತುಕೋ ಮರಾಷ್. ನೀನು ಕೇಳದಿದ್ದರೂ ನಾನು ಹೇಳುತ್ತೇನೆ. ನನ್ನ ಮಾವ ಸಾಯುವಾಗ ನನಗೆ ಹೇಳಿದ್ದು. ರಕ್ತದ ಹಗೆ ಇರುವಾಗ ಹೇಳಿದ್ದರೆ ಜೀವ ಉಳಿಸಿಕೊಳ್ಳಲು ಕಟ್ಟಿದ ಕಥೆ ಎನ್ನುತ್ತಿದ್ದಿರಿ. ನಿನ್ನ ತಂದೆಯನ್ನು ಅವರು ಒಪ್ಪಿಸಲಿಲ್ಲ. ನಿನ್ನ ತಂದೆ ನಮ್ಮ ಮನೆಯ ಅತಿಥಿಯಾಗಿದ್ದ. ಹಿಮದಲ್ಲಿ ಬಂದು ಬಾಗಿಲು ತಟ್ಟಿದ, ಮಾವ ಒಳಗೆ ಕರೆದರು, ಅವನ ಬಂದೂಕು ತೆಗೆದು ಗೋಡೆಗೆ ತೂಗುಹಾಕಿದರು. ಸೈನಿಕರು ಊರು ಸುತ್ತುವರಿದರು. ನನ್ನ ಹೆಣ ಬಿದ್ದ ಮೇಲೆಯೇ ನಿನ್ನನ್ನು ಮುಟ್ಟಲಿ ಎಂದರು ಮಾವ. ಅತಿಥಿಯ ವಿಷಯದಲ್ಲಿ ನಮ್ಮ ಕಟ್ಟಳೆಯೇ ಹಾಗೆ. ನಿನ್ನ ತಂದೆ ತೊಟ್ಟಿಲಲ್ಲಿ ಮಲಗಿದ್ದ ಮಗುವನ್ನು ನೋಡಿದ. ಆ ಮಗು ನನ್ನ ಗಂಡ. 'ನಾನು ಹೊರಡುತ್ತೇನೆ, ಅತಿಥಿಯನ್ನು ಬೀಳ್ಕೊಡುವ ಹಾಗೆ ಹೊಲದ ಗಡಿಯವರೆಗೆ ಬಾ' ಎಂದ. ಗಡಿ ಮುಟ್ಟಿದ ಮೇಲೆ 'ಇನ್ನು ತಿರುಗು, ಮನೆಗೆ ಹೋಗು' ಎಂದ. ಆತಿಥೇಯ ಬೆನ್ನು ತಿರುಗಿಸಿದ ಮೇಲೆ ಅತಿಥಿಗೆ ಏನಾದರೂ ಆದರೆ ಅದು ಅವನ ಹೊಣೆಯಲ್ಲವಲ್ಲ. ಮಾವ ತಿರುಗಿದರು. ಹತ್ತು ಹೆಜ್ಜೆ ಇಡುವುದರೊಳಗೆ ಗುಂಡಿನ ಸದ್ದು ಕೇಳಿಸಿತು."

ಅಜ್ಜ ಕುಳಿತಿದ್ದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಅವರ ಬೋಳು ತಲೆಯನ್ನು ನಾನು ನೋಡಿದ್ದು ಅದೇ ಮೊದಲು.

"ಊರಿನವರು ನೋಡಿದ್ದು ಮಾವ ಅವನನ್ನು ಸೈನಿಕರ ಕಡೆಗೆ ನಡೆಸಿಕೊಂಡು ಹೋದದ್ದನ್ನು ಮಾತ್ರ. ನಿಜ ಹೇಳಿದ್ದರೆ, ಶತ್ರುವಿಗೆ ಅನ್ನ ಹಾಕಿದವರೆಂದು ಸರ್ಕಾರ ನಮ್ಮನ್ನು ಬಿಡುತ್ತಿರಲಿಲ್ಲ. ಆಮೇಲಾದರೂ ಹೇಳೋಣವೆಂದರೆ ಬಾಯಿ ಬರಲಿಲ್ಲ. ಅತಿಥಿಗೆ ಬೆನ್ನು ಮಾಡಿ ಮಗುವನ್ನು ಉಳಿಸಿಕೊಂಡೆ ಎಂದು ಗಂಡಸು ಯಾರ ಮುಂದೆ ಹೇಳಿಕೊಳ್ಳುತ್ತಾನೆ? ದ್ರೋಹಿ ಎಂದರೆ ಎನ್ನಲಿ ಎಂದು ಸುಮ್ಮನಿದ್ದರು. ಸೈನಿಕರು ಹೋದ ಮೇಲೆ ತಾವೇ ಹೊತ್ತು ತಂದು ಹೂತರು. ನಮ್ಮ ಮೇಲಿನ ಕುರಿದೊಡ್ಡಿಯ ಹಿಂದೆ, ಒರತೆಯ ಪಕ್ಕದ ಚಪ್ಪಟೆ ಬಂಡೆಯ ಕೆಳಗೆ. ತಲೆಯನ್ನು ನಿಮ್ಮ ಕಣಿವೆಯ ಕಡೆಗೆ ಇಟ್ಟಿದ್ದಾರೆ. ಅಗೆದ ಮಣ್ಣು ಯಾರ ಕಣ್ಣಿಗೂ ಬೀಳದಿರಲೆಂದು ಕುರಿಗಳನ್ನು ಅಲ್ಲೇ ಮಲಗಿಸುತ್ತಿದ್ದರು."

ಮೀರಾ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಅಜ್ಜ ಅಳಲಿಲ್ಲ. "ಒಡೆಯ" ಎಂದರು ಒಂದು ಸಲ, ತಮಗೆ ತಾವೇ. ತಂದೆಯನ್ನು ಅವರು ಹಾಗೆ ಕರೆದದ್ದನ್ನು ಕೇಳಿದ್ದು ಇದೇ ಮೊದಲೆಂದು ಮೀರಾ ಆಮೇಲೆ ಹೇಳಿದಳು. ಶಿಬಿರದ ಹಾಜರಿಯಲ್ಲಿ ಯಾವನ ಮಗನೆಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರೋ, ಅವನು ಎಂಥವನಾಗಿದ್ದನೆಂದು ಅವರಿಗೆ ಈಗ ತಿಳಿದಿತ್ತು. ಆಮೇಲೆ ಎದ್ದು ಹೋಗಿ ಲೂಲೆಯ ಎರಡೂ ಕೈಗಳನ್ನು ಹಿಡಿದು ಹಣೆಗೆ ಮುಟ್ಟಿಸಿಕೊಂಡರು. ನಿನ್ನ ಮಾವ ದ್ರೋಹಿಯಲ್ಲವೆಂದು ಎರಡೂ ಕಣಿವೆಗಳಲ್ಲಿ ನಾನೇ ನಿಂತು ಹೇಳುತ್ತೇನೆ ಎಂದರು. ಲೂಲೆ ಮತ್ತೆ ಕಾಫಿ ಮಾಡಿದರು. ಈ ಸಲ ಎಲ್ಲರೂ ಕುಡಿದರು, ಶೇಂಗಾ ಹೋಳಿಗೆಯೂ ಖಾಲಿಯಾಯಿತು. ತುಪ್ಪ ಜಾಸ್ತಿ ಹಾಕಿದ್ದೀರಾ ಎಂದು ಅರ್ಬೆನ್ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ಆ ದಿನ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಹೊರಟಾಗ ಅರ್ಬೆನ್ ಅತಿಥಿಯನ್ನು ಬೀಳ್ಕೊಡಬೇಕೆಂದು ಫುಚಿನೋಬೆ ಸ್ಟೇಷನ್‌ವರೆಗೂ ಬಂದ. ಈಗ ಯಾರು ಮುಂದೆ ಯಾರು ಹಿಂದೆ ಎಂಬ ಕಟ್ಟುಪಾಡಿರಲಿಲ್ಲ. ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟು ನಡೆದರು, ಅವನ ರಾಕೆಟ್ಟುಗಳ ಬಗ್ಗೆ ಏನೇನೋ ಕೇಳಿದರು. ನಾವು ಕಾರ್ಡು ತೋರಿಸಿ ಗೇಟಿನ ಒಳಗೆ ಹೋದೆವು. ಅರ್ಬೆನ್ ಹೊರಗೆ ನಿಂತ. ಕೈ ಬೀಸಿದ, ಆದರೆ ಕದಲಲಿಲ್ಲ. ನಾವು ಹೋಗುವವರೆಗೆ ನಿಲ್ಲುವುದು ಜಪಾನಿನ ಪದ್ಧತಿಯೂ ಹೌದು ಎಂದುಕೊಂಡೆ. ಅಜ್ಜನೂ ಕದಲಲಿಲ್ಲ. ಗೇಟಿನ ಮೇಲಿಂದ ಅವನಿಗೆ ಏನೋ ಹೇಳಿದರು. ಅರ್ಬೆನ್ ತಲೆಯಲ್ಲಾಡಿಸಿ ಒಲ್ಲೆನೆಂದ. ಅಜ್ಜ ಇನ್ನೊಮ್ಮೆ ಹೇಳಿದರು.

"ಏನಂದ್ರು?" ಎಂದೆ.

"ಇನ್ನು ತಿರುಗು, ಮನೆಗೆ ಹೋಗು ಎಂದರು" ಎಂದಳು ಮೀರಾ.

ಅರ್ಬೆನ್ ತಿರುಗಿದ. ಮೊದಲ ಕೆಲವು ಹೆಜ್ಜೆಗಳನ್ನು ಹೆಗಲು ಬಿಗಿಹಿಡಿದುಕೊಂಡು ಇಟ್ಟ. ಆಮೇಲೆ ಹೆಗಲು ಇಳಿಯಿತು. ಬೇಕರಿ ದಾಟಿದ, ಸೈಕಲ್ ನಿಲ್ಲಿಸುವ ಜಾಗ ದಾಟಿದ, ಸಿಗ್ನಲ್ಲಿನಲ್ಲಿ ನಿಂತು ರಸ್ತೆ ದಾಟಿದ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಹಾಚಿಯೋಜಿಯ ರೈಲು ಬಂದು ಹೋಯಿತು, ಅದರ ಹಿಂದಿನದೂ ಬಂದು ಹೋಯಿತು. ಅವನು ಕಣ್ಮರೆಯಾದ ಮೇಲೂ ಮರಾಷ್ ಅಜ್ಜ ಟೋಪಿ ಸರಿಮಾಡಿಕೊಂಡು ಆ ರಸ್ತೆಯನ್ನೇ ನೋಡುತ್ತ ನಿಂತರು.

"ಈಗ ಮನೆ ಮುಟ್ಟಿರುತ್ತಾನೆ" ಎಂದರು ಕೊನೆಗೆ. ಆಮೇಲೆ ಹೊರಟೆವು.